ಆನೆಯ ಮೇಲಿನ ಮಗ್ಗ

"ಸರ್, ನೀವು ಸ್ವಲ್ಪ ಮುಂದಕ್ಕೆ ಸರಿದು ಕತ್ತಿನ ಮೇಲೆ ಕೂತ್ಕೊಳ್ಳಿ. ಮೇಡಮ್ ಹಿಂದೆ ಇರಲಿ. ಫೋಟೋ ಚೆನ್ನಾಗಿ ಬರುತ್ತೆ," ಎಂದು ಆನೆ ಶಿಬಿರದ ಮಾವುತ ಪ್ರೀತಿಯ ಕೈಯಿಂದ ಮೊಬೈಲ್ ಇಸಿದುಕೊಂಡು ಆನೆಯಿಂದ ಕೆಳಗಿಳಿದ. ಅವಳ ಗಂಡ ಶಂಭು ಮುಂದೆ ಸರಿದ. ಅವನ ಎರಡೂ ಕಾಲುಗಳು ಶೀಲಾ ಎಂಬ ಆ ಹೆಣ್ಣಾನೆಯ ಕಿವಿಗಳ ಹಿಂದೆ ಇಳಿಬಿದ್ದವು. ಮುಖಕ್ಕೆ ಶೂರನ ಕಳೆ ಬರಲೆಂದು ಮೀಸೆಗೆ ಕೈ ಹಾಕಿದ. ಕೈ ಅಲ್ಲೇ ಉಳಿಯಿತು. ಏಕೆಂದರೆ ಅಷ್ಟರಲ್ಲಿ ಅವನು ಕೆಳಗೆ ನೋಡಿಬಿಟ್ಟಿದ್ದ.

ಶೂರತನ ತೋರಿಸಲು ಉಳಿದಿದ್ದ ಕೊನೆಯ ಅವಕಾಶ ಇದು. ಬೆಳಿಗ್ಗೆ ಕಾಡಿನ ಚಾರಣದಲ್ಲೇ ಮಾನ ಹೋಗಿತ್ತು. "ಬಾದಾಮಿ ಗುಡ್ಡ ಏರಿ ಇಳದಾಂವ ನಾ" ಎಂದು ಇಳಕಲ್ಲಿನಿಂದ ಬಸ್ಸಿನುದ್ದಕ್ಕೂ ಕೊಚ್ಚಿಕೊಂಡು ಬಂದವನು, ಏರು ಶುರುವಾದ ಮೊದಲ ತಿರುವಿನಲ್ಲೇ ತನ್ನ ಬೆನ್ನಿನ ಬ್ಯಾಗನ್ನು ಹೆಂಡತಿಗೆ ದಾಟಿಸಿದ್ದ. ಬಾದಾಮಿ ಗುಡ್ಡ ಏರಿದ್ದು ಸಾಲೆಯ ಟ್ರಿಪ್ಪಿನಲ್ಲಿ, ಮಾಸ್ತರರ ಕೈ ಹಿಡಿದುಕೊಂಡು ಎಂಬುದನ್ನಷ್ಟೇ ಹೇಳಿರಲಿಲ್ಲ. ಪ್ರೀತಿ ಎರಡೂ ಬ್ಯಾಗ್ ಹೊತ್ತು, ಹಾಡು ಗುನುಗುತ್ತ ಮುಂದೆ ನಡೆದಿದ್ದಳು.

ಈ ತಿರುಗಾಟ ಹೊರಟಿದ್ದೇ ಶಂಭು ಮಗ್ಗ ಬಿಟ್ಟ ಸಂಭ್ರಮಕ್ಕೆ. ಅಪ್ಪನ ಕಾಲದಿಂದ ನಡುಮನೆಯ ನೆಲದಲ್ಲಿ ತೋಡಿದ ಮಗ್ಗದ ಕುಣಿ ಇತ್ತು. ಅದರೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ, ಬಲಗೈಯಲ್ಲಿ ಲಾಳಿಯ ಹಗ್ಗ ಜಗ್ಗುತ್ತ ಅವನು ಸೀರೆ ನೇಯುತ್ತಿದ್ದ. ಮದುವೆಯಾಗಿ ಬಂದಾಗಿನಿಂದ ಪ್ರೀತಿ ಪಕ್ಕದಲ್ಲಿ ಕುಳಿತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿದ್ದಳು. ಸುತ್ತಿ ಸಾಕಾಗಿತ್ತು. ಕುಣಿ ಮುಚ್ಚಿಸಿ, ಟೈಲ್ಸ್ ಹಾಕಿಸಿ, ಮೇಲೊಂದು ಸೋಫಾ ಇಡೋಣ ಎಂದು ಹಟ ಹಿಡಿದಳು. ಅವಳ ಅಣ್ಣ ಪ್ರೇಮಕುಮಾರ ತನ್ನ ಸೀರೆ ಅಂಗಡಿಯಲ್ಲಿ ತಂಗಿಯ ಗಂಡನಿಗೆ ಲೆಕ್ಕ ಬರೆಯುವ ಕುರ್ಚಿ ತೋರಿಸಿದ.

"ಮುಚ್ಚಸ್ರಿ. ನನಗೂ ಸಾಕಾಗೇತಿ," ಎಂದು ಅಣ್ಣತಂಗಿಯರಿಗೆ ಹೇಳಿಬಿಟ್ಟ ಶಂಭು. ಇಷ್ಟು ಸಲೀಸಾಗಿ ಹೇಳಿದ ತನ್ನ ಬಗ್ಗೆ ತನಗೇ ಭಾರೀ ಅಭಿಮಾನ ಉಕ್ಕಿತು. ಮಗ್ಗ ಬಿಚ್ಚಿ ಹಿತ್ತಿಲಿಗೆ ಸಾಗಿಸಿದ ದಿನ ಊಟ ಸೇರಲಿಲ್ಲ. ಪಿತ್ತವಾಗಿದೆ ಎಂದು ನಿಂಬೆಹಣ್ಣು ಹೀರಿ ಮಲಗಿದ್ದ. ಕುಣಿ ಮುಚ್ಚಿಸುವುದು ತಿರುಗಾಟ ಮುಗಿಸಿ ಬಂದ ಮೇಲೆ ಎಂದಾಗಿತ್ತು.

ಈಗ ಆನೆಯ ಮೇಲೆ ಕುಳಿತಾಗ ಆ ಕಾಲುಗಳು ಹೆದರಿದವು. ಹೆದರಿದ ಕಾಲುಗಳಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಎಡಗಾಲು ಒತ್ತಿತು, ಬಲಗಾಲು ಸಡಿಲಾಯಿತು. ಬಲಗಾಲು ಒತ್ತಿತು, ಎಡಗಾಲು ಸಡಿಲಾಯಿತು. ಕಿವಿಯ ಹಿಂದೆ ಕಾಲೊತ್ತಿದರೆ ನಡೆಯಬೇಕೆಂದು ಶೀಲಾ ಕಲಿತಿದ್ದಳು. ನಡೆದಳು. ಅವಳು ನಡೆದದ್ದಕ್ಕೆ ಶಂಭುವಿನ ಎದೆ ಧಸಕ್ಕೆಂದಿತು, ಕಾಲು ಇನ್ನೂ ಜೋರಾಯಿತು. ಶೀಲಾ ಕೆರೆಯ ದಾರಿ ಹಿಡಿದು ಬಿರಬಿರನೆ ಹೊರಟಳು.

"ಸರ್, ಕಾಲು ಆಡಿಸಬೇಡಿ," ಮಾವುತ ಹಿಂದೆ ಓಡಿದ. "ಕಾಲು ನಿಲ್ಲಿಸಿ ಸರ್."

"ನಾ ಎಲ್ಲಿ ಆಡಸಾಕತ್ತೇನಿ ಮಾರಾಯಾ? ಅವ ತಾವ ಆಡಾಕತ್ತಾವ."

ಅಷ್ಟೇ ಆಗಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಬಲಗೈ ಕೂಡ ಮೀಸೆ ಬಿಟ್ಟು, ಗಾಳಿಯಲ್ಲಿ ಲಾಳಿಯ ಹಗ್ಗ ಜಗ್ಗತೊಡಗಿತ್ತು. ಕೆರೆಯ ದಂಡೆಯಲ್ಲಿದ್ದ ಪ್ರವಾಸಿಗರು ತಮಗೇ ಕೈ ಬೀಸುತ್ತಿದ್ದಾನೆಂದು ತಿಳಿದು, ನಗುತ್ತ ತಿರುಗಿ ಕೈ ಬೀಸಿದರು.

ಹಿಂದಿನಿಂದ ಗಂಡನ ಅಂಗಿ ಹಿಡಿದು ಕುಳಿತಿದ್ದ ಪ್ರೀತಿ ಬಗ್ಗಿ ಅವನ ಕಾಲು ನೋಡಿದಳು. ಆ ತುಳಿತ ಅವಳಿಗೆ ಗುರುತು ಸಿಕ್ಕಿತು. ಅವನ ಕಿವಿಯ ಹತ್ತಿರ ಬಾಗಿ, ಮನೆಯಲ್ಲಿ ದಿನವೂ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು.

"ರೀ, ಎಳಿ ಹರೀತು ನೋಡ್ರಿ."

ಕಾಲು ನಿಂತವು. ಕೈಯೂ ನಿಂತಿತು. ಎಳೆ ಹರಿದರೆ ಮಗ್ಗ ನಿಲ್ಲಬೇಕು, ನೇಯುವವನ ಮೈಗೆ ಅದಕ್ಕಿಂತ ದೊಡ್ಡ ಅಪ್ಪಣೆ ಇನ್ನೊಂದಿಲ್ಲ. ಶಂಭು ಹರಿದ ಎಳೆ ಹುಡುಕಲು ಬಗ್ಗಿಯೂ ಬಿಟ್ಟ. ಕಂಡದ್ದು ಆನೆಯ ನೆತ್ತಿಯ ಒರಟು ಕೂದಲು. ಶೀಲಾ ಮೊಣಕಾಲುದ್ದ ನೀರಿನಲ್ಲಿ ನಿಂತು ತನ್ನ ಪಾಡಿಗೆ ನೀರು ಕುಡಿಯತೊಡಗಿದಳು.

ಶಂಭುವಿಗೆ ಮೊದಲು ನಗು ಬಂತು. ಮಗ್ಗ ಬಿಟ್ಟೆನೆಂದು ಇಳಕಲ್ಲು, ಹುನಗುಂದಗಳಿಗೆಲ್ಲ ಸಾರಿಕೊಂಡು ಬಂದ ದೊಡ್ಡ ಮನುಷ್ಯ ಆನೆಯ ಮೇಲೆ ಕುಳಿತು ಸೀರೆ ನೇಯ್ದಿದ್ದ. ನಗುತ್ತಿದ್ದಂತೆಯೇ ಗೊತ್ತಾಯಿತು. ಅವನಿಗೆ ಮಗ್ಗ ಬೇಕಾಗಿತ್ತು. ಎಂಥ ಪೆದ್ದ ತಾನು, ಇದು ತಿಳಿಯಲು ಇಷ್ಟು ದೂರ ಬಂದು ಆನೆ ಹತ್ತಬೇಕಾಯಿತಲ್ಲ ಎಂದುಕೊಂಡ.

"ನಿಮಗ ಸಾಕಾಗಿಲ್ಲಲ್ರಿ?" ಪ್ರೀತಿ ಕೇಳಿದಳು.

"ಸಾಕಾಗೇತಿ ಅಂತ ಹೇಳೀನಲ್ಲ."

"ಅದು ಬಾಯಿ ಮಾತಾತು."

ಶಂಭು ಆನೆಯ ನೆತ್ತಿಯ ಕೂದಲನ್ನು ಬೆರಳಿನಿಂದ ಬಿಡಿಸಿದ. "ಸಾಕಾಗಿಲ್ಲ," ಎಂದ. "ಆದ್ರ ನಿನಗ ಸಾಕಾಗಿತ್ತಲ್ಲ. ಅದಕ್ಕ ಹೂಂ ಅಂದೆ."

ಮಾವುತ ಏದುಸಿರು ಬಿಡುತ್ತ ನೀರಿಗಿಳಿದು ಬಂದು, ಶೀಲಾಳ ಸೊಂಡಿಲು ಸವರಿ, ಮೊಬೈಲನ್ನು ಮೇಲಕ್ಕೆ ಚಾಚಿದ. ಪ್ರೀತಿ ಫೋಟೋ ಹೇಗೆ ಬಂದಿದೆ ಎಂದು ನೋಡಲಿಲ್ಲ. ಅಲ್ಲೇ ಆನೆಯ ಮೇಲೆ ಕುಳಿತೇ ಇಳಕಲ್ಲಿಗೆ ಫೋನ್ ಹಚ್ಚಿದಳು.

"ಅಣ್ಣಾ, ಆ ಕುಣಿ..."

"ನಿನಗ ಯಾರು ಹೇಳಿದ್ರವಾ?" ಪ್ರೇಮಕುಮಾರನ ದನಿ ಶಂಭುವಿಗೂ ಕೇಳಿಸುವಷ್ಟು ಜೋರಾಗಿತ್ತು. "ನೀವು ಬಂದ ಮ್ಯಾಲ ಒಮ್ಮೆಲೆ ತೋರಿಸೂಣಂತ ಮಾಡಿದ್ದೆ. ಕುಣಿ ಮುಚ್ಚಿಸಿ, ಇವತ್ತ ಮುಂಜಾನಿ ಟೈಲ್ಸ್ ಹಾಕಿಸೇಬಿಟ್ಟೆ. ಮನಿ ಹೆಂಗ ಲಕಲಕ ಅನ್ನಾಕತ್ತೇತಿ ಅಂತಿ."

ಪ್ರೀತಿಯ ಒಂದು ಕೈ ಇನ್ನೂ ಶಂಭುವಿನ ಅಂಗಿಯ ಮೇಲಿತ್ತು. ಅದು ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

"ಅಣ್ಣಾ," ಎಂದಳು ಅವಳು, "ಸಿಮೆಂಟು ಒಣಗೇತೇನು?"