ತಲೆಕೆಳಗಾದ ಮುಖಪುಟ

ಮೌಸ್‌ನ ಬಾಣ ತೀರಾ ಜೋರಾಗಿ ಓಡುತ್ತಿದೆ, ಸ್ವಲ್ಪ ನಿಧಾನ ಮಾಡೋಣ ಎಂದು ಲಿನ್ಸಿ ಸೆಟ್ಟಿಂಗ್ಸ್ ತೆರೆದಳು. ಒಳಗೆ ಏನನ್ನೂ ಮುಟ್ಟಿರಲಿಲ್ಲ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಬೆಳಗಿದಾಗ ಮುಖಪುಟ ಪೂರ್ತಿ ತಲೆಕೆಳಗು. ತ್ರಿಶೂರಿನ ಆ ಪುಟ್ಟ ಸಂಜೆ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು.

ಏನಾಗಿದೆಯೆಂದು ಅವಳಿಗೆ ತಕ್ಷಣ ಹೊಳೆಯಿತು. ಕಾಲು ಮುರಿದ ಮಾನಿಟರನ್ನು ಶೆಲ್ಫಿನಿಂದ ಬುಡ ಮೇಲಾಗಿ ತೂಗುಹಾಕಿದ್ದರು. ಚಿತ್ರ ನೆಟ್ಟಗೆ ಕಾಣಲಿ ಎಂದು ಕಂಪ್ಯೂಟರ್ ರಿಪೇರಿಯವನು ಲಿನಕ್ಸ್‌ಗೆ ಒಂದು ಸಾಲಿನ ಆಜ್ಞೆ ಬರೆದಿಟ್ಟು ಹೋಗಿದ್ದ. ಸೆಟ್ಟಿಂಗ್ಸ್‌ಗೆ ಅದೆಲ್ಲಿ ಗೊತ್ತು? ತೆರೆದ ಕೂಡಲೇ ತನಗೆ ತಿಳಿದಂತೆ ಪರದೆಯನ್ನು ತಿರುಗಿಸಿ ಕೂತಿತ್ತು. ಆ ಆಜ್ಞೆಯನ್ನು ಮತ್ತೆ ಬರೆಯಬೇಕು. ಲಿನ್ಸಿ ಕತ್ತು ವಾಲಿಸಿ ಅಕ್ಷರ ಹುಡುಕುತ್ತಿರುವಾಗ ಇಟ್ಟೂಪ್ ಚೇಟ್ಟನ್ ಬಂದರು. ಮೂವತ್ತು ವರ್ಷಗಳಿಂದ ಪ್ರೂಫ್ ನೋಡುವವರು; ಲಿನ್ಸಿಗೆ ಅವರು ಚೇಟ್ಟ, ಅಂದರೆ ಅಣ್ಣ; ಅವರಿಗೆ ಅವಳು ಮೋಳ್, ಮಗಳು. ಅವರು ಹೂಂ ಅನ್ನದೆ ಸಂಪಾದಕ ಭಾರ್ಗವನ್ ಸಾರ್ ಯಾವ ಪುಟವನ್ನೂ ಕೆಳಗಿನ ಮೆಷಿನ್ನಿಗೆ ಇಳಿಸುತ್ತಿರಲಿಲ್ಲ.

"ಆಯ್ತಾ ಮೋಳೇ? ಕೆಳಗೆ ಭಾರ್ಗವನ್ ಸಾರ್ ಕುಣೀತಿದಾರೆ."

"ಸ್ವಲ್ಪ ಇರಿ ಚೇಟ್ಟಾ. ಇಲ್ನೋಡಿ, ಏನಾಗಿದೆ ಅಂತ."

"ನೋಡೋಕೇ ತಾನೇ ಬಂದಿರೋದು. ನೀನು ಪುಟ ಮುಗಿಸೋ ಹೊತ್ತಿಗೆ ಓದೋರೆಲ್ಲ ಉಂಡು ಮಲಗಿರ್ತಾರೆ."

ಅವರು ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದರು. ಪುಟದ ಬುಡದಲ್ಲಿದ್ದ ಚಿನ್ನದಂಗಡಿಯ ಜಾಹೀರಾತು ಈಗ ಮೇಲೆ ಬಂದಿತ್ತು. ಅದರಲ್ಲಿ ಮದುಮಗಳೊಬ್ಬಳು ತಲೆ ಕೆಳಗಾಗಿ ನಗುತ್ತಿದ್ದಳು. ಇಟ್ಟೂಪ್ ಅವಳ ಸರದ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದರು. "ತಗ್ಗಿನ ಕೋಲ್ ಗದ್ದೆಗೆ ನುಗ್ಗಿದ ಹೊಳೆ. ಏರಿ ಒಡೆದು ನಾಟಿಯೆಲ್ಲ ನೀರುಪಾಲು." ಬೆರಳು ಇನ್ನೊಂದಷ್ಟು ಕೆಳಗೆ ಸರಿಯಿತು. ತುಟಿ ಸಣ್ಣಗೆ ಅಲುಗಿತು. "ಸರಿಯಾಗಿದೆ. ಕಳಿಸು."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಲಿನ್ಸಿ ಅವರ ನಗುವಿಗಾಗಿ ಕಾದಳು. ನಗು ಬರಲಿಲ್ಲ. ಆ ತಲೆಬರಹವನ್ನು ಬೆಳಿಗ್ಗೆ ಇದೇ ಕೋಣೆಯಲ್ಲಿ ಎಲ್ಲರೂ ಸೇರಿ ಕೂಗಾಡಿ ಇಟ್ಟಿದ್ದರು. ಬಾಯಿಪಾಠವಾಗಿರಲು ಅಷ್ಟು ಸಾಕು. ದಿನವೂ ಅವರು ಸುದ್ದಿಗಳನ್ನು ತನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದದ್ದು ಹಳೇ ಕಾಲದವರ ಅಭ್ಯಾಸವಲ್ಲ ಎಂದು ಅವಳಿಗೆ ಅರ್ಥವಾದದ್ದು ಆಗ. ಇವತ್ತು ಗಡಿಬಿಡಿಯಲ್ಲಿ ಓದಿಸಿರಲಿಲ್ಲ.

"ಚೇಟ್ಟಾ, ಪುಟ ತಲೆಕೆಳಗಾಗಿದೆ."

"ಏನು ತಲೆಕೆಳಗು? ಸುದ್ದಿ ಸರಿಯಾಗೇ ಇದೆಯಲ್ಲ."

"ಸುದ್ದಿ ಅಲ್ಲ. ಪರದೆ. ಎಲ್ಲಾ ಅಕ್ಷರ ಉಲ್ಟಾ ನಿಂತಿದೆ."

ಇಟ್ಟೂಪರ ಬೆರಳು ಪರದೆಯ ಮೇಲೇ ಉಳಿಯಿತು. ಆಮೇಲೆ ಅದನ್ನು ತೆಗೆದು ಅಂಗಿಗೆ ಒರೆಸಿಕೊಂಡರು, ಏನೋ ಅಂಟಿದೆಯೋ ಎಂಬಂತೆ.

"ಯಾವಾಗಿಂದ?" ಲಿನ್ಸಿ ಪಿಸುಗುಟ್ಟಿದಳು.

"ಓಣಂ ಆದ್ಮೇಲೆ. ನೇರ ನೋಡಿದ್ರೆ ನಡುವೆ ಬರೀ ಕತ್ತಲು. ಅಂಚಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತೆ, ನಡೆದಾಡೋಕೆ ಸಾಕು. ಮನೇಲೂ ಹೇಳಿಲ್ಲ. ಪ್ರೂಫ್ ನೋಡೋನಿಗೆ ಕಣ್ಣೇ ಇಲ್ಲ ಅಂದ್ರೆ ಊರು ನಗಲ್ವಾ?"

ಕೆಳಗಿನಿಂದ ಭಾರ್ಗವನ್ ಸಾರ್ ಕೂಗುವುದು ಕೇಳಿಸಿತು. ಲಿನ್ಸಿ ಆಜ್ಞೆ ಬರೆದಳು. ಪರದೆ ಕಪ್ಪಾಗಿ ನೆಟ್ಟಗಾಯಿತು. ಅವಳು ಮುಖಪುಟವನ್ನು ಮೊದಲಿನಿಂದ ಗಡಗಡ ಓದತೊಡಗಿದಳು. "ಪೂರ್ವದ ರಸ್ತೆ ಮುಳುಗಿದೆ, ವಾಹನಗಳು ಪಶ್ಚಿಮದ ರಸ್ತೆಯಲ್ಲಿ ಹೋಗಬೇಕೆಂದು..."

"ನಿಲ್ಲು. ಮುಳುಗಿರೋದು ಪಶ್ಚಿಮದ್ದು." ಇಟ್ಟೂಪ್ ಕೈ ಅಡ್ಡ ಚಾಚಿದರು. "ಬೆಳಿಗ್ಗೆ ಫೋನಲ್ಲಿ ವರದಿಗಾರ ಹೇಳಿದ್ದನ್ನ ನಾನೇ ಕೇಳಿದೀನಿ."

ಲಿನ್ಸಿ ವರದಿಗಾರನಿಗೆ ಫೋನ್ ಮಾಡಿದಳು. ಹೌದು, ಪಶ್ಚಿಮದ್ದೇ. ಟೈಪ್ ಮಾಡುವಾಗ ಅದಲುಬದಲಾಗಿತ್ತು. ಆ ಪುಟ ಹಾಗೆಯೇ ಹೋಗಿದ್ದರೆ ಸಂಜೆ ಬಸ್ಸುಗಳೆಲ್ಲ ನೇರ ನೀರಿಗೇ. ಇಟ್ಟೂಪ್ ಕುರ್ಚಿ ತಡವಿ ಕೂತರು.

"ಇದನ್ನ ನಾನು ಕಳಿಸು ಅಂದೆನಾ ಮೋಳೇ?"

ಅವಳು ತಿದ್ದಿದಳು, ಉಳಿದದ್ದನ್ನೆಲ್ಲ ಓದಿ ಮುಗಿಸಿದಳು, ಪುಟ ಕಳಿಸಿದಳು. ಅಚ್ಚಿನ ಮೆಷಿನ್ ಶುರುವಾಗಿ ನೆಲ ಅದುರಿದ ಮೇಲೆ ಇಟ್ಟೂಪ್ ಎದ್ದು ನಿಂತರು. "ನೀನು ಹೇಳೋದು ಬೇಡ. ನಾನೇ ಸಾರ್‌ಗೆ ಹೇಳಿ, ನಾಳೆಯಿಂದ ಬರಲ್ಲ ಅಂತೀನಿ."

ಅವಳಿಗೆ ಅಳು ಬಂತು. ಬೇರೆ ಏನಾದರೂ ಕೆಲಸ ಕೇಳೋಣ, ಆಸ್ಪತ್ರೆಗೆ ಹೋಗೋಣ ಎಂದೆಲ್ಲ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವರು ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲ ಕಡೆ ತಿರುಗಿದ್ದರು.

"ಎಲ್ಲಿಗೆ ಚೇಟ್ಟಾ?"

"ಸಾರ್‌ಗೆ ಬಂದು ಹೇಳ್ತೀನಿ. ಮೊಮ್ಮಗಳ ಶಾಲೆ ಬಿಡೋ ಹೊತ್ತಾಯ್ತು. ಸ್ಕೂಟರಲ್ಲಿ ಕರ್ಕೊಂಡು ಬರೋದು ನಾನೇ ಅಲ್ವಾ."

ಲಿನ್ಸಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು ಬೀಗದ ಕೈಯನ್ನು ಅವರ ಬೆರಳುಗಳಿಂದ ಕಿತ್ತುಕೊಂಡಳು. ಅವರಿಗೆ ಅವಳ ಗಾಬರಿ ಅರ್ಥವಾಗಲಿಲ್ಲ. ಸಮಾಧಾನ ಮಾಡುವವರಂತೆ ಹೇಳಿದರು: "ಹೆದರ್ಬೇಡ ಮೋಳೇ, ಏನೂ ಆಗಲ್ಲ. ಅವಳು ಮುಂದೆ ನಿಂತ್ಕೊಂಡು ಎಲ್ಲಾ ಹೇಳ್ತಾ ಬರ್ತಾಳೆ. ಅಪ್ಪಾಪ್ಪಾ ಬಸ್ಸು, ಅಪ್ಪಾಪ್ಪಾ ಕೆಂಪು ದೀಪ. ಇನ್ನೂ ಐದು ತುಂಬಿಲ್ಲ, ಅಷ್ಟು ಜಾಣೆ."