ಮೂರು ಪಿನ್ನು

“ಇವಳ ತಲೇಲಿ ಏನೂ ನಿಲ್ಲಲ್ಲ ಮೇಡಂ. ನನ್ನ ಹೆಸರೇ ಮರೆತುಬಿಟ್ಟಿದ್ದಾಳೆ!” ಎಂದು ಗಂಡ ಸಿಡುಕಿದ.

ಮರೆವಿನ ಕಾಯಿಲೆಯವರ ಮಿದುಳನ್ನು ಸ್ಕ್ಯಾನ್ ಮಾಡಿ ಅಧ್ಯಯನ ಮಾಡುತ್ತಿದ್ದ ವಿಶ್ವವಿದ್ಯಾಲಯದ ಸಂಶೋಧಕಿ ಅವನನ್ನು ಹೊರಗೆ ಕೂರಿಸಿದಳು. ಹೆಂಡತಿಗೆ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. ಒಂದೂ ನೆನಪಿಲ್ಲ ಎಂದು ಆಕೆ ತಲೆಯಾಡಿಸಿದಳು. ಯಂತ್ರದ ಹತ್ತಿರ ಲೋಹ ತರುವಂತಿಲ್ಲ ಎಂದಾಗ ತಾಳಿ, ಓಲೆ, ಸೆರಗಿನ ಪಿನ್ನು ಎಲ್ಲವನ್ನೂ ಬಿಚ್ಚಿಕೊಟ್ಟಳು.

ಸ್ಕ್ಯಾನಿನಲ್ಲಿ ಮಿದುಳು ಸವೆದ ಗುರುತೇ ಇರಲಿಲ್ಲ. ಸಂಶೋಧಕಿ ಒಡವೆಗಳ ಡಬ್ಬಿ ವಾಪಸು ಕೊಟ್ಟಳು.

“ಒಂದು ಪಿನ್ನು ಕಮ್ಮಿ ಇದೆ. ಮೂರು ಕೊಟ್ಟಿದ್ದೆ,” ಎಂದಳು ಆಕೆ.

ಸಂಶೋಧಕಿಗೆ ರೇಗಿಹೋಯಿತು.

“ಏನಮ್ಮಾ, ನಾಟಕ ಆಡ್ತಿದ್ದೀರಾ? ನಿಜವಾಗಿ ಕಾಯಿಲೆ ಇರೋರು ಈ ಸ್ಕ್ಯಾನಿಗೆ ತಿಂಗಳುಗಟ್ಟಲೆ ಕಾಯ್ತಿದ್ದಾರೆ! ನಿಮಗೇನೂ ಆಗಿಲ್ಲ ಅಂತ ಈಗಲೇ ನಿಮ್ಮ ಯಜಮಾನ್ರಿಗೆ ಹೇಳ್ತೀನಿ.”

ಆಕೆ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

“ದಮ್ಮಯ್ಯ, ಹೇಳಬೇಡಿ ಮೇಡಂ. ಬುದ್ಧಿ ಕೆಟ್ಟೋಳಿಗೆ ಹೊಡೆದು ಏನು ಬಂತು ಅಂತ, ಆರು ತಿಂಗಳಿಂದ ಅವರು ಕೈ ಎತ್ತಿಲ್ಲ.”