ಕಂಬಳಿಯೊಳಗಿನ ಚೀಲ

ಮೂತ್ರಕ್ಕೆ ಪೈಪು ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದ ಅಪ್ಪನಿಗೆ ಮತ್ತೆ ಚಳಿಜ್ವರ ಬಂದಿತ್ತು. ಮಗಳು ನೀಲವ್ವನ ಕಣ್ಣೆಲ್ಲ ಅತ್ತಿಗೆಯ ಮೇಲೆ. ಗಂಜಿ ಕುಡಿಸುವವಳು, ಮೂತ್ರದ ಚೀಲ ಬರಿದು ಮಾಡುವವಳು ಅವಳೇ.

“ಖರೇ ಹೇಳ್ರಿ ವೈನಿ, ಕೈ ತೊಳಕೊಂಡು ಮುಟ್ಟತೀರಿಲ್ಲೋ?”

“ಸಾಬೂನು ಹಚ್ಚಿ ತೊಳೀತೀನಲ್ಲವ್ವಾ. ನೀನೂ ನೋಡೀದಿ.”

“ನಾ ನೋಡೂಮುಂದ ತೊಳೀತೀರಿ.”

ಅಪ್ಪ ನಡುಗುತ್ತಲೇ ಇದ್ದ.

ಊರಿನ ನರ್ಸಬಾಯಿ ಬಂದು ಜ್ವರ ನೋಡಿದಳು. ಮುಖ ಗಂಭೀರವಾಯಿತು. “ನಂಜು ಏರೇತಿ. ದವಾಖಾನಿಗೆ ಒಯ್ಯಬೇಕು.”

“ಇಕೀನ್ನ ಕೇಳ್ರಿ ಬಾಯಾರ, ಅಪ್ಪಗ ಏನ್ ಮಾಡ್ಯಾಳಂತ,” ಎಂದಳು ನೀಲವ್ವ.

ಅಷ್ಟರಲ್ಲಿ ಪಡಸಾಲೆಯಲ್ಲಿ ಕೆಮ್ಮು ಕೇಳಿಸಿತು. ಅಪ್ಪನನ್ನು ಮಾತಾಡಿಸಲು ಓಣಿಯ ಹಿರಿಯರು ಬಂದಿದ್ದರು. ನೀಲವ್ವ ಮಂಚದ ಕೆಳಗೆ ತೂಗುತ್ತಿದ್ದ ಚೀಲವನ್ನು ಥಟ್ಟನೆ ಮೇಲೆತ್ತಿ, ಅಪ್ಪನ ಹೊಟ್ಟೆಯ ಮೇಲಿಟ್ಟು ಕಂಬಳಿ ಹೊದಿಸಿದಳು.

“ಮಂದಿ ಬಂದಾಗೆಲ್ಲ ಹಿಂಗ ಮಾಡತೀಯೇನವ್ವಾ?” ನರ್ಸಬಾಯಿ ಕೇಳಿದಳು.

“ಮತ್ತ? ಅಪ್ಪನ ಮಾನ ಇಕಿ ಕಾಯತಾಳೇನ್ರಿ?”

ನರ್ಸಬಾಯಿ ಕಂಬಳಿ ಸರಿಸಿ ಚೀಲವನ್ನು ಕೆಳಗಿಳಿಸಿದಳು. “ಮ್ಯಾಲೆ ಎತ್ತಿಟ್ಟಾಗೊಮ್ಮೆ ಹೊಲಸು ಉಚ್ಚಿ ತಿರುಗಿ ಒಳಗ ಹೋಗತೈತಿ. ನಂಜು ಏರಿದ್ದು ಹಿಂಗ.”